ಚರಂಡಿಗೆ ಯಾರೂ ಕಸ ಎಸೆದಿರಲಿಲ್ಲ

ಶುರುವಾಗಿದ್ದು ಒಂದು ಹೂಮಳೆಯಿಂದ, ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆಯಿಂದ. ಮಾರ್ಚ್ ಕೊನೆಯ ವಾರ, ತೋಟದವರೆಲ್ಲ ಆಕಾಶ ನೋಡುತ್ತಾ ಕೂತಿದ್ದ ಹೊತ್ತು. ಸಂಜೆ ನಾಲ್ಕಕ್ಕೆ ಗುಡುಗಿ, ಮುಕ್ಕಾಲು ಗಂಟೆ ಸುರಿದು ನಿಂತಿತು. ಕಾಫಿಗೆ ಒಳ್ಳೆಯದಾಯಿತು. ನಮ್ಮ ಬೀದಿಗೆ ಆಗಲಿಲ್ಲ. ಗೇಟು ತೆಗೆದು ನೋಡಿದರೆ ಮೋರಿ ಕಟ್ಟಿಕೊಂಡು ಚರಂಡಿ ನೀರೆಲ್ಲ ರಸ್ತೆಗೆ ಬಂದಿತ್ತು. ನಮ್ಮ ಮೆಟ್ಟಿಲ ಮೇಲೆ ಒಂದು ಡೈಪರ್ ಕೂತಿತ್ತು, ನೀರು ಕುಡಿದು ದಿಂಬಿನ ಹಾಗೆ ಉಬ್ಬಿಕೊಂಡು. ನಮ್ಮ ಮನೆಯಲ್ಲಿ ಮಗು ಇಲ್ಲ.

ಮಡಿಕೇರಿ ಊರೇ ಇಳಿಜಾರು. ಮೇಲಿನ ಬೀದಿಯವರ ನೀರು ಕೆಳಗಿನ ಬೀದಿಯವರ ಅಂಗಳಕ್ಕೆ. ನಮ್ಮ ಚರಂಡಿ ಮೇಲಿನ ರಸ್ತೆಯಿಂದ ಇಳಿದು, ನಮ್ಮ ಕಾಂಪೌಂಡಿನ ಮೂಲೆಯಲ್ಲಿ ತಿರುಗಿ, ಒಂದು ಮೋರಿಯ ಒಳಗೆ ನುಗ್ಗಿ, ಆಚೆ ಕಡೆ ತೋಡಿಗೆ ಬೀಳುತ್ತದೆ. ಆ ತೋಡು ಅಬ್ಬಿ ಜಲಪಾತದ ಕಡೆ ಹೋಗುತ್ತದೆ. ಅಂದರೆ ಪ್ರವಾಸಿಗಳು ನಿಂತು ಫೋಟೋ ತೆಗೆಯುವ ಆ ಬಿಳಿ ನೊರೆಯಲ್ಲಿ ನಮ್ಮ ಬೀದಿಯ ಪಾಲೂ ಇದೆ. ಅಲ್ಲಿಂದ ಮುಂದೆ ಕಾವೇರಿ. ಆಮೇಲೆ ಮೈಸೂರು, ಬೆಂಗಳೂರಿನವರ ನಲ್ಲಿ. ಅವರಿಗೆ ಇದನ್ನು ಹೇಳೋದು ಬೇಡ ಬಿಡಿ.

ಅದೇ ವಾರ ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ಯಾರೋ ಒಂದು ಫೋಟೋ ಹಾಕಿದರು. ಆಸ್ಟ್ರೇಲಿಯಾದ ಕ್ವಿನಾನಾ ಅನ್ನುವ ಊರು. ಚರಂಡಿ ಪೈಪಿನ ಬಾಯಿಗೆ ದೊಡ್ಡ ಬಲೆ ಕಟ್ಟಿದ್ದಾರೆ, ಒಳಗೆ ಕಸ ತುಂಬಿ ಕಾಲುಚೀಲದ ಹಾಗೆ ಜೋತು ಬಿದ್ದಿದೆ. 2018ರಲ್ಲಿ ಅಂಥ ಎರಡು ಬಲೆ ಕಟ್ಟಿ, ಮೊದಲ ಕೆಲವು ವಾರದಲ್ಲೇ 370 ಕೆಜಿ ಕಸ ಹಿಡಿದರಂತೆ. 'ನಾವೂ ಇದೇ ಮಾಡೋಣ' ಅಂತ ಬರೆದವಳು ನಾನೇ. ಹೆಬ್ಬೆರಳು ತೋರಿಸಿದವರು ಇಪ್ಪತ್ತಮೂರು ಜನ. ಭಾನುವಾರ ಬೆಳಗ್ಗೆ ಬಂದವರು ನಾಲ್ಕು.

ಭಾವ ಕುಶಾಲನಗರದಿಂದ ನೈಲಾನ್ ಬಲೆ ತಂದುಕೊಟ್ಟರು. ಮೋರಿ ಬಾಯಿಗೆ ಎರಡು ಕಬ್ಬಿಣದ ಗೂಟ ಹೊಡೆದು ಕಟ್ಟಿದೆವು. ನೋಡಲು ಚೆನ್ನಾಗೇ ಇತ್ತು. ನಾನೂ ಫೋಟೋ ತೆಗೆದು ಗುಂಪಿಗೆ ಹಾಕಿದೆ.

ಏಪ್ರಿಲ್‌ನ ಎರಡನೇ ಮಳೆಗೆ ಇಪ್ಪತ್ತೇ ನಿಮಿಷದಲ್ಲಿ ಬಲೆ ಕಿತ್ತುಕೊಂಡು ಹೋಯಿತು. ತೋಡಿಗೇ ಹೋಗಿದ್ದರೂ ಒಂದು ಮಾತು. ಮೋರಿಯ ನಡುವೆ ಸಿಕ್ಕಿಕೊಂಡು, ಬಂದ ಕಸವನ್ನೆಲ್ಲ ಅಲ್ಲೇ ಹಿಡಿದುಕೊಂಡಿತು. ಮೊದಲು ಬರೀ ಕಸ ಕಟ್ಟುತ್ತಿತ್ತು, ಈಗ ಕಸದ ಜೊತೆ ಬಲೆ. ಕೊಕ್ಕೆ ಹಾಕಿ ಎಳೆದು ತೆಗೆಯಲು ಮರುದಿನ ಅರ್ಧ ದಿನ ಬೇಕಾಯಿತು. ಎಳೆದಾಗ ಬಲೆಯ ಒಂದು ಮೂಲೆಯಲ್ಲಿ ನೀರೊಳ್ಳೆ ಹಾವು ಸಿಕ್ಕಿ ಸತ್ತಿತ್ತು. ತಪ್ಪಿಸಿಕೊಳ್ಳಲು ತಿರುಗಿ ತಿರುಗಿ ದಾರ ಮೈಗೆ ಕೊಯ್ದಿತ್ತು. ಮೂರು ಕಡೆ ಚರ್ಮ ಬಿಟ್ಟಿತ್ತು. ಅಡುಗೆಮನೆ ಕತ್ತರಿಯಿಂದ ದಾರ ಕತ್ತರಿಸಿ ಅದನ್ನು ಬಿಡಿಸಿದೆ. ಆ ಕತ್ತರಿ ಮತ್ತೆ ಅಡುಗೆಮನೆಗೆ ಹೋಗಲಿಲ್ಲ.

"ಟೀಚರ್, ಒಂದು ಎಕರೆಗೆ ಒಂದು ಇಂಚು ಮಳೆ ಅಂದ್ರೆ ಎಷ್ಟು ನೀರು ಗೊತ್ತುಂಟಾ?" ಅಂದರು ಪಕ್ಕದ ಮನೆಯ ಮಿಲ್ಟ್ರಿ ಅಂಕಲ್. ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ ಇಟ್ಟುಕೊಂಡು ದಿನಾ ಬೆಳಗ್ಗೆ ನೋಟ್‌ಬುಕ್ಕಿನಲ್ಲಿ ಬರೆಯುವವರು ಅವರು. ಕೊಡಗಿನಲ್ಲಿ ಮಳೆಯನ್ನು ಮಿಲಿಮೀಟರಿನಲ್ಲಿ ಹೇಳಿದರೆ ಯಾರಿಗೂ ಸಮಾಧಾನ ಇಲ್ಲ, ಇಂಚೇ ಆಗಬೇಕು. "ಒಂದು ಲಕ್ಷ ಲೀಟರ್. ಮೇಲಿನ ಗುಡ್ಡ ಐದು ಎಕರೆಗೆ ಕಮ್ಮಿ ಇಲ್ಲ. ಜುಲೈನಲ್ಲಿ ಒಂದು ರಾತ್ರಿಗೆ ನಾಲ್ಕು ಇಂಚು ಬಿದ್ರೆ ಲೆಕ್ಕ ಹಾಕಿ. ನಿಮ್ಮ ಬಲೆ ಎಂತ ಮಾಡ್ತದೆ?"

ಇಪ್ಪತ್ತು ಲಕ್ಷ ಲೀಟರ್. ನೆಲ ಕುಡಿದದ್ದು ಬಿಟ್ಟು ಮಿಕ್ಕಿದ್ದೆಲ್ಲ ಎರಡೂವರೆ ಅಡಿ ಅಗಲದ ನಮ್ಮ ಚರಂಡಿಗೆ. ಮತ್ತೆ ಆ ಫೋಟೋ ತೆಗೆದು ನೋಡಿದೆ. ಅವರ ಬಲೆಯನ್ನು ಎತ್ತಿ ಲಾರಿಗೆ ಸುರಿಯಲು ಕ್ರೇನ್ ಬರುತ್ತದೆ. ನಮ್ಮ ಬೀದಿಗೆ ಗ್ಯಾಸ್ ಸಿಲಿಂಡರ್ ಗಾಡಿ ಬರುವುದೇ ಕಷ್ಟ.

ಬಲೆ ಬೇಡ, ಕಬ್ಬಿಣದ ಸರಳಿನ ಜಾಲರಿ ಅಂತ ತೀರ್ಮಾನವಾಯಿತು. ಆದರೆ ಸರ್ಕಾರದ ಚರಂಡಿಗೆ ನಾವು ಸುಮ್ನೆ ಕಬ್ಬಿಣ ಹಾಕೋ ಹಾಗಿಲ್ಲ. ಅರ್ಜಿ ಬರೆದು ಹದಿನಾಲ್ಕು ಮನೆಯವರ ಸಹಿ ಹಾಕಿಸಿದೆ. ಮೂರು ಸಲ ಕಚೇರಿಗೆ ಹೋದೆ. ಮೂರನೇ ಸಲ ಸಿಕ್ಕಿದ ಎಂಜಿನಿಯರ್ ಹುಡುಗ ಒಳ್ಳೆಯವನು. ಜಾಗ ನೋಡಲು ತಾನೇ ಬಂದ. "ಕಾಂಕ್ರೀಟ್ ಹಾಕಿ ಕೂರಿಸಬೇಡಿ ಮೇಡಂ, ಎತ್ತಿ ತೆಗೆಯೋ ಹಾಗಿರಲಿ. ಮಳೆಗಾಲದಲ್ಲಿ ದಿನಾ ತೆಗೆಯೋರು ಯಾರು ಅಂತ ಮೊದಲು ಹೇಳಿ. ಇಲ್ಲ ಅಂದ್ರೆ ನೀವು ಕಟ್ಟೋದು ಜಾಲರಿ ಅಲ್ಲ, ಅಣೆಕಟ್ಟು" ಅಂದ. ನಾವೇ ತೆಗೆಯುತ್ತೇವೆ ಅಂತ ಬರೆದು ಕೊಟ್ಟೆ. ಬರೆಯುವಾಗ ಅದೇನೂ ದೊಡ್ಡ ಮಾತು ಅನಿಸಲಿಲ್ಲ.

ಅದಕ್ಕೆ ಮೊದಲು ಹೂಳು ತೆಗೆಯಬೇಕಿತ್ತು. ಮೇ ತಿಂಗಳ ಮೂರು ಭಾನುವಾರ ಅದಕ್ಕೇ ಹೋಯಿತು. ಮೂರಡಿ ಆಳದ ಚರಂಡಿಯಲ್ಲಿ ಒಂದೂಕಾಲು ಅಡಿ ಹೂಳು. ಕಸಕ್ಕಿಂತ ಮಣ್ಣೇ ಜಾಸ್ತಿ, ಮನೆ ಕಟ್ಟಲು ಗುಡ್ಡ ಕಡಿದಾಗ ಇಳಿದು ಬಂದ ಕೆಂಪು ಮಣ್ಣು. ಅದರ ನಡುವೆ ಪದರ ಪದರವಾಗಿ ಪ್ಲಾಸ್ಟಿಕ್. ಹಾರೆ ಹಾಕಿದರೆ ಮಣ್ಣು ಒಡೆಯುವುದಿಲ್ಲ, ಒಳಗಿನ ಕವರುಗಳು ಬೇರಿನ ಹಾಗೆ ಹಿಡಿದುಕೊಂಡಿರುತ್ತವೆ. ಕತ್ತಿಯಲ್ಲಿ ಕುಯ್ದು ತೆಗೆಯಬೇಕು. ತೊಂಬತ್ತು ಎಂಎಲ್ ವಿಸ್ಕಿಯ ಟೆಟ್ರಾ ಪ್ಯಾಕ್‌ಗಳನ್ನು ಮೊದಲು ಎಣಿಸುತ್ತಿದ್ದೆವು, ನೂರು ದಾಟಿದ ಮೇಲೆ ಬಿಟ್ಟೆವು.

ಮೊದಲ ಭಾನುವಾರ ಒಂದು ದಡ್ಡತನ ಮಾಡಿದೆವು. ತೆಗೆದ ಹೂಳನ್ನು ಚರಂಡಿಯ ಅಂಚಿನಲ್ಲೇ ರಾಶಿ ಹಾಕಿ, 'ಒಣಗಲಿ, ನಾಳೆ ಗಾಡಿಗೆ ತುಂಬಿದರಾಯಿತು' ಅಂತ ಮನೆಗೆ ಹೋದೆವು. ರಾತ್ರಿ ಮಳೆ. ಬೆಳಗ್ಗೆ ನೋಡಿದರೆ ಅರ್ಧ ರಾಶಿ ವಾಪಸ್ ಚರಂಡಿಯೊಳಗೆ. ಊರೂರಲ್ಲಿ ಹೀಗೆ ಚರಂಡಿ ಪಕ್ಕದಲ್ಲಿ ರಾಶಿ ಹಾಕಿ ಹೋಗುವುದನ್ನು ನೋಡಿ ನಾನೇ ಬೈದದ್ದುಂಟು. ಮುಂದಿನ ವಾರದಿಂದ ಗೊಬ್ಬರದ ಚೀಲಕ್ಕೆ ತುಂಬಿ ಅದೇ ದಿನ ಸಾಗಿಸಿದೆವು. ಮಣ್ಣಿನಿಂದ ಕಸ ಬೇರೆ ಮಾಡುವ ಕೆಲಸ ಯಾರಿಗೂ ಬೇಡವಾದ್ದು. ಅದನ್ನು ಮಾಡಿದವರು ಮೂರನೇ ಮನೆಯ ಆಂಟಿ, ಒಂದು ಮಣೆ ಹಾಕಿಕೊಂಡು, ಅಕ್ಕಿ ಆರಿಸುವ ಹಾಗೆ.

ಆ ದಿನಗಳಲ್ಲೇ ನನ್ನ ಕಾಲಿಗೆ ಗಾಜು ಹೊಕ್ಕಿತು. ಹವಾಯಿ ಚಪ್ಪಲಿಯಲ್ಲಿ ಇಳಿದದ್ದು ನನ್ನದೇ ತಪ್ಪು. ಡಾಕ್ಟರು ಟಿಟಿ ಇಂಜೆಕ್ಷನ್ ಕೊಟ್ಟು ಚೆನ್ನಾಗಿ ಬೈದರು. ಇಲಿಯ ಮೂತ್ರ ಸೇರಿದ ನೀರು ಗಾಯಕ್ಕೆ ತಾಗಿದರೆ ಇಲಿಜ್ವರ ಬರುತ್ತದೆ, ಚರಂಡಿ ಇದ್ದಲ್ಲಿ ಇಲಿ ಇದ್ದೇ ಇರುತ್ತದೆ ಅಂದರು. ಮುಂದಿನ ಕೆಲವು ವಾರದಲ್ಲಿ ಜ್ವರ, ಮೈಕೈ ನೋವು ಬಂದರೆ ತಡಮಾಡದೆ ಬರಲು ಹೇಳಿದರು. ಬರಲಿಲ್ಲ, ಪುಣ್ಯ. ಆವತ್ತಿನಿಂದ ಗಂಬೂಟು, ದಪ್ಪ ರಬ್ಬರ್ ಕೈಗವಸು ಇಲ್ಲದೆ ಯಾರೂ ಇಳಿಯಬಾರದು ಅಂತ ನಿಯಮ. ಪೌರಕಾರ್ಮಿಕರು ವರ್ಷಗಟ್ಟಲೆ ಹೀಗೆ ಬರಿಗಾಲಲ್ಲಿ ಇಳಿದದ್ದನ್ನು ನಾನು ನೋಡಿದ್ದೇನೆ. ಆಗ ಯಾಕೆ ಏನೂ ಅನಿಸಲಿಲ್ಲ ಅಂತ ಗೊತ್ತಿಲ್ಲ.

ಜಾಲರಿ ಮಾಡಿದ್ದು ಗ್ರಿಲ್ ಕೆಲಸದ ಒಬ್ಬ ಅಣ್ಣ. ನಾನು ಬರೆದುಕೊಂಡು ಹೋದ ಚಿತ್ರ ನೋಡಿ ನಕ್ಕ. "ಟೀಚರ್, ಇದು ಕಿಟಕಿ ಅಲ್ಲ. ಹೀಗೆ ನೇರ ನಿಲ್ಲಿಸಿದ್ರೆ ಕಸ ಬಂದು ಅಂಟಿಕೊಳ್ತದೆ, ನೀರು ದೂಡ್ತದೆ, ಎರಡು ಮಳೆಗೆ ಮಡಚಿ ಹೋಗ್ತದೆ. ಓರೆ ಇಡಬೇಕು." ಅವನ ಲೆಕ್ಕ ಸರಿ ಇತ್ತು. ಜಾಲರಿ ನೀರು ಹೋಗುವ ದಿಕ್ಕಿಗೆ ಒರಗಿದ್ದರೆ ಬಂದ ಕಸ ಸರಳಿನ ಮೇಲೆ ಜಾರಿ ಮೇಲಕ್ಕೆ ಏರುತ್ತದೆ, ನೀರು ಅಡಿಯಿಂದ ನುಸುಳುತ್ತದೆ. ಸರಳುಗಳೂ ಉದ್ದುದ್ದ ಮಾತ್ರ. ಅಡ್ಡ ಸರಳು ಹಾಕಿದರೆ ಬಾಚಲು ಬರುವುದಿಲ್ಲ, ಮುಳ್ಳುಬಾಚಿ ಸಿಕ್ಕಿಕೊಳ್ಳುತ್ತದೆ. 12 ಎಂಎಂ ಸರಳು, ನಡುವೆ ಮೂರು ಇಂಚು ಸಂದು, ಎತ್ತಲು ಎರಡು ಹಿಡಿ. 6,800 ರೂಪಾಯಿ ಆಯಿತು, ಮನೆಗೆ ಐನೂರರಂತೆ ಹಾಕಿದೆವು. ಎರಡು ಮನೆಯವರು ಕೊಡಲಿಲ್ಲ, ನಾವೂ ಮತ್ತೆ ಕೇಳಲಿಲ್ಲ.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಮೊದಲ ದಿನವೇ ಎರಡೂವರೆ ಚೀಲ ಕಸ. ನಮಗೆಲ್ಲ ಹಬ್ಬ. ಚೀಲ ಸಾಲಾಗಿ ಇಟ್ಟು ಮತ್ತೆ ಫೋಟೋ.

ಒಂಬತ್ತನೇ ದಿನ ರಾತ್ರಿ ಎರಡು ಗಂಟೆಗೆ ಯಾರೋ ಗೇಟು ಬಡಿದರು. ಕೆಳಗಿನ ಮನೆಯವರು. ಅವರ ಕಾರ್ ಶೆಡ್ಡಿಗೆ ನೀರು ನುಗ್ಗಿತ್ತು. ಟಾರ್ಚ್ ಹಿಡಿದು ಓಡಿದರೆ, ಜಾಲರಿ ತುಂಬ ಸಿಲ್ವರ್ ಓಕ್ ಎಲೆ. ಪ್ಲಾಸ್ಟಿಕ್ ಅಲ್ಲ, ಎಲೆ. ಗಾಳಿಗೆ ಉದುರಿದ ಎಲೆ ಕಂಬಳಿಯ ಹಾಗೆ ಒತ್ತಾಗಿ ಕೂತು ಒಂದು ಸಂದನ್ನೂ ಬಿಟ್ಟಿರಲಿಲ್ಲ. ಎಂಜಿನಿಯರ್ ಹುಡುಗ ಹೇಳಿದ ಅಣೆಕಟ್ಟು ಕಣ್ಣೆದುರಿಗಿತ್ತು. ಎತ್ತೋಣ ಅಂದರೆ ನೀರಿನ ಒತ್ತಡಕ್ಕೆ ಮೂರು ಜನರಿಂದಲೂ ಅಲುಗಲಿಲ್ಲ. ಕೊನೆಗೆ ಮಿಲ್ಟ್ರಿ ಅಂಕಲ್ ಹಾರೆ ಕೊಟ್ಟು ಮೀಟಿ, ಒಂದು ಬದಿ ಸಡಿಲವಾಗಿ, ಎಲ್ಲ ಒಟ್ಟಿಗೆ ಧಡಾರನೆ ಮೋರಿಗೆ ಹೋಯಿತು. ಕೆಳಗಿನ ಮನೆಯ ಅಕ್ಕ ಒಂದು ಮಾತೂ ಆಡಲಿಲ್ಲ. ನಡುಗುತ್ತಾ ನಿಂತಿದ್ದರು. 2018ರ ಆಗಸ್ಟಿನ ಭೂಕುಸಿತ ನೋಡಿದ ಕೊಡಗಿನವರಿಗೆ ರಾತ್ರಿ ಹೊತ್ತು ನೀರಿನ ಸದ್ದು ಕೇಳಿದರೆ ಎಂತ ಆಗುತ್ತದೆ ಅಂತ ಬೇರೆಯವರಿಗೆ ಹೇಳಿ ತಿಳಿಸಲು ಆಗುವುದಿಲ್ಲ. ಅದೂ ಸುಮ್ಮನೆ ಹೆದರಿಕೆ ಅಲ್ಲ. ಚರಂಡಿ ತುಂಬಿ ಹೊರಗೆ ಹರಿದ ನೀರು ರಸ್ತೆಯಲ್ಲೇ ಹೋದರೆ ಪರವಾಗಿಲ್ಲ, ಬರೆಯ, ಅಂದರೆ ಕಡಿದ ಗುಡ್ಡದ ಕಡಿದಾದ ಬದಿಯ, ಮಣ್ಣಿನೊಳಗೆ ಇಳಿದರೆ ಬರೆಯೇ ಭಾರವಾಗಿ ಜಾರುತ್ತದೆ. ಅವರ ಮನೆ ಹಿಂದೆ ಹತ್ತಡಿ ಬರೆ ಇದೆ.

ಮರುದಿನ ಜಾಲರಿಯ ತಲೆ ಕೊಯ್ಸಿದೆವು. ಈಗ ಅದು ಚರಂಡಿಯ ಮೂರನೇ ಎರಡು ಭಾಗದಷ್ಟೇ ಎತ್ತರ. ಅದು ಕಟ್ಟಿಕೊಂಡರೂ ನೀರು ಮೇಲಿನಿಂದ ಹಾರಿ ಹೋಗುತ್ತದೆ. ನೀರಿನ ಜೊತೆ ಸ್ವಲ್ಪ ಕಸವೂ ಹಾರುತ್ತದೆ. ಹಾರಲಿ. ಕಸ ಹೋದರೆ ಕಸ, ಮನೆ ಹೋದರೆ? ಜೊತೆಗೆ ಐವತ್ತು ಅಡಿ ಮೇಲೆ ಆರು ಇಂಚು ಸಂದಿನ ಇನ್ನೊಂದು ಒರಟು ಜಾಲರಿ ಹಾಕಿದೆವು, ಕೊಂಬೆ, ತೆಂಗಿನ ಗರಿ ಅಲ್ಲೇ ನಿಲ್ಲಲಿ ಅಂತ. ಎಲೆಗೆ ಮಾತ್ರ ಮದ್ದಿಲ್ಲ. ದಿನಕ್ಕೆ ಎರಡು ಸಲ ಬಾಚಬೇಕು, ಅಷ್ಟೇ. ಪಾಳಿ ಮಾಡಿ ಹಾಳೆಯಲ್ಲಿ ಬರೆದು ಮಿಲ್ಟ್ರಿ ಅಂಕಲ್ ಗೇಟಿಗೆ ಅಂಟಿಸಿದೆವು. ಅವರ ಗೇಟು ಯಾಕೆ ಅಂದರೆ, ಪಾಳಿ ತಪ್ಪಿಸಿದವರು ಅವರ ಮುಖ ನೋಡಿಕೊಂಡು ಹೋಗಬೇಕು.

ಇಷ್ಟು ಹೊತ್ತೂ ನಮ್ಮೆಲ್ಲರ ಬಾಯಲ್ಲಿ ಒಂದೇ ಮಾತು: ಟೂರಿಸ್ಟುಗಳು. ವೀಕೆಂಡಿಗೆ ಬರುತ್ತಾರೆ, ಕುಡಿಯುತ್ತಾರೆ, ಎಸೆಯುತ್ತಾರೆ, ಹೋಗುತ್ತಾರೆ. ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಜಾಲರಿಯಲ್ಲಿ ಸಿಕ್ಕಿದ್ದನ್ನು ದಿನಾ ಕೈಯಾರೆ ತೆಗೆದರೆ ಬೇರೆ ಕಥೆ ಕಾಣುತ್ತದೆ. ಹಾಲಿನ ಪ್ಯಾಕೆಟ್, ಎಣ್ಣೆ ಪ್ಯಾಕೆಟ್, ಸಾಂಬಾರ್ ಪುಡಿ ಕವರ್, ಮಾತ್ರೆಯ ಹಾಳೆ, ಈರುಳ್ಳಿ ಸಿಪ್ಪೆ ಸಮೇತ ಕರಿ ಕವರ್. ಟೂರಿಸ್ಟು ಸಾಂಬಾರ್ ಮಾಡುವುದಿಲ್ಲ ಅಲ್ವಾ?

ಜೂನ್ ಮೂರನೇ ವಾರ, ನನ್ನ ಪಾಳಿ. ಬೆಳಗ್ಗೆ ಆರು, ಮಂಜು. ಮುಳ್ಳುಬಾಚಿಯಲ್ಲಿ ಎಳೆದ ಉಂಡೆಯೊಳಗೆ ಒಂದು ಒದ್ದೆ ಹಾಳೆ. ಬಿಡಿಸಿದರೆ ಏಳನೇ ಕ್ಲಾಸಿನ ಕಿರುಪರೀಕ್ಷೆ. ಕೆಂಪು ಶಾಯಿ ಹರಡಿತ್ತು, ಆದರೂ ಓದಬಹುದಿತ್ತು: 7/10. ಕೆಳಗೆ 'ಅಕ್ಷರ ದುಂಡಗಿರಲಿ'. ನನ್ನ ಅಕ್ಷರ.

ಸುತ್ತ ನೋಡಿದೆ. ಯಾರೂ ಇರಲಿಲ್ಲ. ಹಾಳೆ ಮಡಚಿ ಜರ್ಕಿನ್ ಜೇಬಿಗೆ ಹಾಕಿಕೊಂಡೆ.

ನಾನು ಚರಂಡಿಗೆ ಕಸ ಎಸೆಯುವವಳಲ್ಲ. ಹಿಂದಿನ ರಾತ್ರಿ ಮಾಡಿದ್ದನ್ನು ನೆನೆಸಿಕೊಂಡೆ. ಒಣ ಕಸವನ್ನು ಕವರಿಗೆ ಹಾಕಿ, ಬಾಯಿ ಬಿಗಿಯಾಗಿ ಕಟ್ಟಿ, ಗೇಟಿನ ಹೊರಗೆ ಚರಂಡಿಯ ಚಪ್ಪಡಿ ಮೇಲೆ ಇಟ್ಟಿದ್ದೆ. ಕಸದ ಗಾಡಿ ಬೆಳಗ್ಗೆ ಏಳೂವರೆಯಿಂದ ಒಂಬತ್ತೂವರೆ ಒಳಗೆ ಯಾವಾಗ ಬೇಕಾದರೂ ಬರಬಹುದು. ನನ್ನ ಬಸ್ಸು ಏಳೂ ಮುಕ್ಕಾಲಿಗೆ. ಹಾಗಾಗಿ ರಾತ್ರಿಯೇ ಇಡುವುದು, ಎಷ್ಟೋ ವರ್ಷದ ಅಭ್ಯಾಸ. ರಾತ್ರಿ ನಾಯಿ ಬಂದು ಹರಿಯುತ್ತದೆ, ಮಳೆ ಬಂದು ತೊಳೆಯುತ್ತದೆ. ಬೆಳಗ್ಗೆ ಎದ್ದಾಗ ಕವರ್ ಇರುವುದಿಲ್ಲ, ಗಾಡಿಯವರು ಒಯ್ದರು ಅಂತ ನಾನು ಅಂದುಕೊಂಡಿರುತ್ತೇನೆ.

ಆವತ್ತು ರಾತ್ರಿ ಹತ್ತಕ್ಕೆ ಕೊಡೆ ಹಿಡಿದು ಬೀದಿಯ ಉದ್ದಕ್ಕೆ ನಡೆದೆ. ಚಪ್ಪಡಿ ಮೇಲೆ ಹದಿನೇಳು ಕವರ್. ಎಲ್ಲವೂ ನೀಟಾಗಿ ಗಂಟು ಹಾಕಿದ್ದವು. ಯಾರೂ ಎಸೆದಿರಲಿಲ್ಲ. ಎಲ್ಲರೂ ಇಟ್ಟಿದ್ದರು.

ಚರಂಡಿಗೆ ಕಸ ಹಾಕಬಾರದು ಅಂತ ಘನತ್ಯಾಜ್ಯ ನಿಯಮದಲ್ಲೇ ಇದೆ. ದಂಡದ ಬೋರ್ಡ್ ನಮ್ಮ ಬೀದಿಯ ತುದಿಯಲ್ಲೂ ಇದೆ. ಆ ಬೋರ್ಡ್ ಓದಿದ ಯಾರಿಗೂ ಅದು ತನಗೆ ಹೇಳಿದ್ದು ಅನಿಸುವುದಿಲ್ಲ, ಯಾಕೆಂದರೆ ಅವರು ಹಾಕಿಲ್ಲವಲ್ಲ. ಮುಂದಿನ ಭಾನುವಾರ ಬೀದಿಯವರು ಸೇರಿದಾಗ ಆ ಒದ್ದೆ ಹಾಳೆ, ಈಗ ಒಣಗಿ ಗರಿಗರಿ ಆಗಿತ್ತು, ತೆಗೆದು ಮೇಜಿನ ಮೇಲಿಟ್ಟೆ. ನಾಚಿಕೆಯೇ ಆಯಿತು. ಆದರೆ ಅದು ಇಲ್ಲದಿದ್ದರೆ ಆ ಸಭೆ ಮತ್ತೆ ಟೂರಿಸ್ಟುಗಳ ಮೇಲೇ ಮುಗಿಯುತ್ತಿತ್ತು.

ಗಾಡಿಯ ಡ್ರೈವರ್ ಹತ್ತಿರ ಸಮಯ ನಿಗದಿ ಮಾಡಿ ಅಂತ ಕೇಳಿದೆವು. "ಮೇಲಿನ ರಸ್ತೆ ಟ್ರಾಫಿಕ್ ನನ್ನ ಕೈಲಿಲ್ಲ ಅಕ್ಕ. ಹಾರ್ನ್ ಬೇಕಾದ್ರೆ ಜಾಸ್ತಿ ಹಾಕ್ತೇನೆ" ಅಂದ. ಸರಿಯೇ. ಕೊನೆಗೆ ಮಿಲ್ಟ್ರಿ ಅಂಕಲ್ ತಮ್ಮ ಖಾಲಿ ಕಾರ್ ಶೆಡ್ಡಿನಲ್ಲಿ ಮುಚ್ಚಳ ಇರುವ ನಾಲ್ಕು ಡ್ರಮ್ ಇಡಲು ಜಾಗ ಕೊಟ್ಟರು. ಬೇಗ ಕೆಲಸಕ್ಕೆ ಹೋಗುವವರು ಒಣ ಕಸ ಅಲ್ಲಿಟ್ಟು ಹೋಗಬೇಕು, ಗಾಡಿ ಬಂದಾಗ ಅಂಕಲ್ ಕೊಡುತ್ತಾರೆ. ಹಸಿ ಕಸಕ್ಕೆ ಅಲ್ಲಿ ಜಾಗ ಇಲ್ಲ. ಹಿತ್ತಲು ಇದ್ದವರು ಗುಂಡಿ ತೋಡಿದರು. ಇಲ್ಲದವರ ಬಗ್ಗೆ ಜಗಳ ಆಯಿತು, ಇನ್ನೂ ಆಗುತ್ತಿದೆ. ಒಂದು ದಿನ ಯಾರೋ ಮೀನಿನ ತಲೆ ತಂದು ಡ್ರಮ್ಮಿಗೆ ಹಾಕಿದ್ದರು. ಅಂಕಲ್ ಆವತ್ತು ಆಡಿದ ಮಾತು ಇಲ್ಲಿ ಬರೆಯುವ ಹಾಗಿಲ್ಲ. ಚಪ್ಪಡಿ ಮೇಲೆ ಕವರ್ ಇಡುವ ಮನೆ ಈಗಲೂ ಮೂರು ಇವೆ.

ಕಕ್ಕಡದ, ಅಂದರೆ ಜುಲೈ ಮಧ್ಯದಿಂದ ಶುರುವಾಗುವ ಕೊಡವರ ತಿಂಗಳ, ಮಳೆ ಜೋರಾಗುವ ಹೊತ್ತಿಗೆ ಜಾಲರಿಗೆ ಬರುವುದು ದಿನಕ್ಕೆ ಅರ್ಧ ಚೀಲಕ್ಕೆ ಇಳಿದಿತ್ತು. ಪೂರ್ತಿ ನಮ್ಮ ಹೆಚ್ಚುಗಾರಿಕೆ ಅಂತ ಹೇಳಲಾರೆ. ಮೊದಲ ನಾಲ್ಕೈದು ಮಳೆಯೇ ವರ್ಷದ ಕಸದ ದೊಡ್ಡ ಪಾಲನ್ನು ತೊಳೆದು ತಂದಿರುತ್ತದೆ, ಆಮೇಲೆ ಬರುವುದು ಹೊಸ ಕಸ ಮಾತ್ರ. ಬಾಟಲಿಗಳು ವೀಕೆಂಡ್ ಕಳೆದ ಸೋಮವಾರ ತಪ್ಪದೆ ಬರುತ್ತವೆ. 120 ಮೈಕ್ರಾನ್‌ಗಿಂತ ತೆಳು ಕೈಚೀಲ ಮಾರಬಾರದು ಅಂತ 2022ರ ಕೊನೆಯಿಂದ ಕಾನೂನು ಇದೆ, ಆದರೂ ಶುಕ್ರವಾರದ ಸಂತೆ ಮುಗಿದ ಮರುದಿನ ಈರುಳ್ಳಿ ಸಿಪ್ಪೆಯಷ್ಟು ತೆಳು ಕವರುಗಳು ಸರಳಿಗೆ ಸುತ್ತಿಕೊಂಡಿರುತ್ತವೆ.

ಮೂರು ಇಂಚಿನ ಸಂದಿನಲ್ಲಿ ನಿಲ್ಲದ್ದೂ ಇದೆ. ಕಿವಿ ಕಡ್ಡಿ, ಗುಟ್ಕಾ ಚೀಟಿ, ಮತ್ತೆ ಹಾಲಿನ ಪ್ಯಾಕೆಟ್ಟಿನ ಆ ಮೂಲೆ, ಕತ್ತರಿಯಲ್ಲಿ ಕತ್ತರಿಸಿ ಬಿಸಾಡುವ ಉಗುರಿನಷ್ಟು ತ್ರಿಕೋನ. ಒಂದು ದಿನ ಸಂಜೆ ಮೋರಿಯ ಆಚೆ ತೋಡಿನ ಅಂಚಿನ ಮರಳಲ್ಲಿ ಕೂತು ಹೆಕ್ಕಿದೆ. ಒಂದು ಬೊಗಸೆ ಜಾಗದಲ್ಲಿ ನಲವತ್ತೊಂದು. ಬಿಳಿ, ನೀಲಿ, ಕಿತ್ತಳೆ, ಹಸಿರು. ನಮ್ಮ ಮನೆಯಲ್ಲಿ ಈಗ ಮೂಲೆಯನ್ನು ಪೂರ್ತಿ ಕತ್ತರಿಸುವುದಿಲ್ಲ, ಸ್ವಲ್ಪ ಸೀಳಿ ಪ್ಯಾಕೆಟ್ಟಿಗೇ ಅಂಟಿಕೊಂಡಿರುವಂತೆ ಬಿಡುತ್ತೇವೆ. ಮೊದಲ ವಾರ ಹಾಲು ಅರ್ಧ ಪಾತ್ರೆಗೆ, ಅರ್ಧ ಕಟ್ಟೆಗೆ. ಈಗ ಕೈ ಪಳಗಿದೆ. ಕ್ಲಾಸಿನಲ್ಲಿ ಹೇಳಿದೆ, ಮಕ್ಕಳು ಮನೆಗೆ ಹೋಗಿ ಅಮ್ಮಂದಿರಿಗೆ ಪಾಠ ಮಾಡಿದರು. ಅಮ್ಮಂದಿರು ನನಗೆ ಫೋನ್ ಮಾಡಿದರು, ಹೊಗಳಲು ಅಲ್ಲ.

ತುಲಾ ಸಂಕ್ರಮಣ ಕಳೆದು ಮಳೆ ಹಿಂದೆ ಸರಿದ ಮೇಲೆ ಜಾಲರಿ ಎತ್ತಿ ತೊಳೆದೆವು. ಈಗ ಅದು ನಮ್ಮ ಹಿತ್ತಲ ಗೋಡೆಗೆ ಒರಗಿದೆ. ಎರಡು ಸರಳು ಬಾಗಿವೆ, ಒಂದು ಕಡೆ ವೆಲ್ಡಿಂಗ್ ಬಿಟ್ಟಿದೆ. ಗ್ರಿಲ್ ಕೆಲಸದ ಅಣ್ಣನಿಗೆ ಹೇಳಿ ಬಂದಿದ್ದೇನೆ. "ಹೂಮಳೆಗೆ ಮುಂಚೆ ಕೊಡ್ತೇನೆ ಟೀಚರ್" ಅಂದಿದ್ದಾನೆ. ಯಾವ ವರ್ಷದ ಹೂಮಳೆ ಅಂತ ಕೇಳಿ ಬರಬೇಕಿತ್ತು.